ತಮ್ಮನ ಸಾಹೇಬನನ್ನು ಎಲ್ಲಿಂದ ಶುರು ಮಾಡಬೇಕು

ನಮ್ಮ ಹಾವೇರಿ ಮನೆಯ ಪಡಸಾಲೆಯಲ್ಲಿ ಕೊಡೆ, ಕೈಚೀಲ ತೂಗುಹಾಕುವ ಗೂಟಕ್ಕೆ ಈಗ ಒಂದು ದೊಡ್ಡ ಹೆಡ್‌ಫೋನೂ ಜೋತುಬಿದ್ದಿದೆ. ಕಪ್ಪನೆಯದು, ಕಿವಿಗೆ ಬರುವ ಕಡೆ ಮೆತ್ತನೆಯ ದಿಂಡು. ಅರವತ್ತರ ಹತ್ತಿರದ ಹೆಂಗಸಿನ ಮನೆಯಲ್ಲಿ ಇಂಥದ್ದು ಕಂಡರೆ ಮೊಮ್ಮಕ್ಕಳದ್ದಿರಬೇಕು ಎಂದುಕೊಳ್ಳುವುದು ಸಹಜ. ಮೊನ್ನೆ ಅದನ್ನು ಹಾಕಿಕೊಂಡೇ ಹೋಗಿ ಬಾಗಿಲು ತೆಗೆದುಬಿಟ್ಟೆ. ಪಕ್ಕದ ಮನೆಯ ಶಾಂತಕ್ಕ ಬದನೆಕಾಯಿ ಪಲ್ಯದ ಬಟ್ಟಲು ಹಿಡಿದು ನಿಂತಿದ್ದರು.

“ಯಾಕ್ರಿ ಅಕ್ಕಾರ, ಕಿವಿಗೆ ಥಂಡಿ ಹತ್ತೇತೇನು? ಬಳ್ಳೊಳ್ಳಿ ಹಾಕಿ ಎಣ್ಣಿ ಕಾಸಿ ಬಿಟ್ಕೋರಿ,” ಅಂದರು.

ಥಂಡಿ ಅಲ್ಲ, ಹಾಡು ಕೇಳುತ್ತಿದ್ದೇನೆ ಅಂದೆ. ಯಾವ ಹಾಡು ಅಂದರು. ಯಾವ ಹಾಡು, ಅದು ಹಾಡೇ ಹೌದೋ ಅಲ್ಲವೋ, ಅದರ ತಲೆ ಯಾವುದು ಬುಡ ಯಾವುದು, ಒಂದೂ ನನಗೆ ಗೊತ್ತಿರಲಿಲ್ಲ. ಬಟ್ಟಲು ಇಸಿದುಕೊಂಡು ಒಳಗೆ ಬಂದೆ.

ಹಾಡುವವನು ಯಾರೆಂದು ಮಾತ್ರ ಗೊತ್ತು. ಅವನೊಬ್ಬ ಇಂಗ್ಲೆಂಡಿನ ಮನುಷ್ಯ. ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಹೊರಳಿಸಲು ಹೋದರೆ ನನ್ನ ತಮ್ಮ ಮಲ್ಲು ಮುಖ ಕಿವುಚುತ್ತಾನೆ. ಆದ್ದರಿಂದ ‘ಮಲ್ಲೂನ ಸಾಹೇಬ’ ಎಂದೇ ಅವನನ್ನು ಕರೆಯುವುದು ನಮ್ಮ ಮನೆತನದ ರೂಢಿ. ಈ ಸಾಹೇಬನ ಸಂಗೀತಕ್ಕೆ ‘ಪ್ರೊಗ್ರೆಸಿವ್ ರಾಕ್’ ಎನ್ನುತ್ತಾರಂತೆ. ನಮ್ಮ ಕಡೆ ಪ್ರಗತಿಪರ ರೈತ ಅಂದರೆ ಎಲ್ಲರಿಗೂ ಗೊತ್ತು, ಸಭೆಗೆ ಕರೆದು ಶಾಲು ಹೊದಿಸಿ ಕೈಗೊಂದು ತೆಂಗಿನಕಾಯಿ ಕೊಡುತ್ತಾರೆ. ಪ್ರಗತಿಪರ ಹಾಡುಗಾರ ಏನು ಮಾಡುತ್ತಾನೆ ಎಂದು ಮಲ್ಲುವನ್ನು ಕೇಳಿದ್ದೆ. “ಅವ ಸಾದಾ ಹಾಡು ಹಾಡಂಗಿಲ್ಲಕ್ಕ,” ಅಂದಿದ್ದ. ಅದರಿಂದ ನನಗೆ ಹೆಚ್ಚೇನೂ ಬೆಳಕಾಗಲಿಲ್ಲ.

ಮಲ್ಲು ಬ್ಯಾಡಗಿಯಲ್ಲಿ ನಮ್ಮಪ್ಪನ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಾನೆ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಆ ಅಂಗಡಿಯ ಹಿಂದಿನ ಮನೆಯಲ್ಲಿ. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಸೀನು ಒಂದು ಕಾಯಿಲೆ ಅಲ್ಲ. ಸುಗ್ಗಿಯ ದಿನಗಳಲ್ಲಿ ದೇವರ ಮುಂದೆ ಮಂತ್ರ ಹೇಳುವವರೂ ನಡುವೆ ಸೀನಿ ಮುಂದುವರಿಸುತ್ತಿದ್ದರು. ಸಾಲೆಯಿಂದ ಬಂದವರೇ ಗೋದಾಮಿಗೆ ಓಡಿ ಚೀಲದ ಮೇಲೆ ಹತ್ತಿ ಕೂರುವುದು, ಕೆಂಪು ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುವುದು, ಅಳುತ್ತ ಹೋಗಿ ಅವ್ವನ ಕೈಯಲ್ಲಿ ಇನ್ನೆರಡು ಏಟು ತಿನ್ನುವುದು, ಇದು ನಮ್ಮ ನಿತ್ಯದ ಕಾರ್ಯಕ್ರಮವಾಗಿತ್ತು. ಈಗಲೂ ಘಾಟು ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ. ಸಾಲೆ ಬಿಟ್ಟ ಹೊತ್ತಿನ ಹಸಿವು ಅದು.

ಸಾಹೇಬ ನಮ್ಮ ಮನೆಗೆ ಬಂದದ್ದೂ ಮೆಣಸಿನಕಾಯಿಯ ದೆಸೆಯಿಂದಲೇ. ಮುಂಬಯಿಯಿಂದ ಖರೀದಿಗೆ ಬಂದ ವ್ಯಾಪಾರಿಯೊಬ್ಬ ಅಂಗಡಿಯ ಗಾದಿಯ ಮೇಲೆ ಒಂದು ಕ್ಯಾಸೆಟ್ಟು ಮರೆತು ಹೋದ. ಆಗ ಮಲ್ಲುವಿಗೆ ಮೀಸೆ ಚಿಗುರುವ ವಯಸ್ಸು. ಗೋದಾಮಿನಲ್ಲಿ ಚೀಲದ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಹಚ್ಚಿದ. ಅಪ್ಪನೂ ಬಂದು ನಿಂತರು. ಗಾಳಿ ಬೀಸಿದ ಹಾಗೆ ಏನೋ ಸದ್ದು, ಆಮೇಲೆ ಒಂದು ತಂತಿ, ಆಮೇಲೆ ಇನ್ನೊಂದು ತಂತಿ. ಅಪ್ಪ ಸ್ವಲ್ಪ ಹೊತ್ತು ಕಾದರು. ಹೊರಗೆ ಚಕ್ಕಡಿ ಬಂದಿತು. ಹೋಗಿ ಚೀಲ ಇಳಿಸಿಕೊಂಡು, ರೈತನಿಗೆ ಚಹಾ ಕುಡಿಸಿ, ತಾವೂ ಕುಡಿದು ತಿರುಗಿ ಬಂದರು. ಇನ್ನೂ ತಂತಿಯೇ ನಡೆದಿತ್ತು.

“ಅಲ್ಲೋ, ಈ ಮನುಷ್ಯಾ ಹಾಡಾಕ ಯಾವಾಗ ಹಚ್ಚಾಂವ?” ಎಂದು ಕೇಳಿದರು.

ಮಲ್ಲು ಟೇಪಿನ ಸದ್ದು ಇನ್ನಷ್ಟು ಏರಿಸಿದ. ಆ ಚೀಲದ ಮೇಲಿಂದ ಅವನ ಮನಸ್ಸು ಇಳಿಯಲೇ ಇಲ್ಲ ಎನ್ನಬೇಕು. ಮದುವೆಯಾಯಿತು, ಮಕ್ಕಳಾದವು, ಅಪ್ಪ ಹೋದರು, ಅಂಗಡಿ ಇವನ ಕೈಗೆ ಬಂತು. ಅದರ ಜೊತೆಗೆ ಸಾಹೇಬನ ಕ್ಯಾಸೆಟ್ಟುಗಳು, ಆಮೇಲೆ ಸೀಡಿಗಳು, ಈಗ ಫೋನಿನೊಳಗಿನ ಹಾಡುಗಳು ಬೆಳೆಯುತ್ತಲೇ ಹೋದವು. ಸಾಹೇಬನೂ ಸುಮ್ಮನೆ ಕೂರುವ ಪೈಕಿ ಅಲ್ಲ. ಮೊದಲು ಒಂದು ತಂಡ ಕಟ್ಟಿದ. ತಂಡ ಒಡೆಯಿತು. ಒಡೆದ ಎರಡು ಪಾಲಿನವರೂ ಹಳೆಯ ಹೆಸರನ್ನೇ ಇಟ್ಟುಕೊಂಡರು. ನಮ್ಮ ಪೇಟೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಎದುರುಬದುರು ಒಂದೇ ಹೆಸರಿನ ಬೋರ್ಡು ಹಾಕಿಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ ಸಾಹೇಬ ಒಬ್ಬನೇ ಕೂತು ಎಲ್ಲ ವಾದ್ಯಗಳನ್ನೂ ತಾನೇ ನುಡಿಸಿದ. ಹಳೆಯವನ್ನೇ ಹೊಸದಾಗಿ ನುಡಿಸಿದ. ಜನರ ಮುಂದೆ ನುಡಿಸಿದ್ದನ್ನು ಬೇರೆ ರೆಕಾರ್ಡಾಗಿ ತಂದ. ಅಳಿದುಳಿದದ್ದನ್ನೆಲ್ಲ ಗುಡಿಸಿ ಒಂದು ಪೆಟ್ಟಿಗೆಗೆ ತುಂಬಿ ಮತ್ತೆ ತಂದ. ಮಲ್ಲು ಎಲ್ಲವನ್ನೂ ಕೊಂಡ. ಇದರಲ್ಲಿ ಏನು ಸಿಗುತ್ತದೋ ಇವನಿಗೆ ಎಂದು ನಾನು ಆಗಾಗ ಅಂದುಕೊಂಡದ್ದುಂಟು. ಆದರೆ ಕೂತು ಕೇಳುವ ಗೋಜಿಗೆ ಹೋಗಿರಲಿಲ್ಲ.

ನನಗೆ ಸಂಗೀತದ ಗಂಧವೇ ಇಲ್ಲ ಎನ್ನಲಾಗದು. ನೋಡಲು ಬರುವ ಗಂಡಿನ ಕಡೆಯವರು ಒಂದು ಹಾಡು ಹೇಳು ಎಂದರೆ ಫಜೀತಿ ಆಗಬಾರದೆಂದು ಅವ್ವ ನನ್ನನ್ನು ಹಾರ್ಮೋನಿಯಂ ಮಾಸ್ತರರ ಹತ್ತಿರ ಕಳಿಸಿದ್ದಳು. ಎರಡು ಭಜನೆ ಕಲಿತೆ, ರೂಪಕ ತಾಳದ ಏಳು ಮಾತ್ರೆ ಬೆರಳಿನ ಮೇಲೆ ಎಣಿಸಲು ಕಲಿತೆ. ಗಂಡಿನ ಕಡೆಯವರು ಬಂದರು. ಹೋಳಿಗೆ ಮಾಡಲು ಬರುತ್ತದೆಯೇ ಎಂದು ಕೇಳಿ, ಬರುತ್ತದೆ ಎಂದ ಮೇಲೆ ಎದ್ದು ಹೋಗಿ ಲಗ್ನ ಗೊತ್ತು ಮಾಡಿದರು. ಅಲ್ಲಿಗೆ ನನ್ನ ಸಂಗೀತ ಸಮಾಪ್ತಿಯಾಯಿತು.

ಈಗ ಸಂಗತಿಗೆ ಬರುತ್ತೇನೆ. ಚಿಕ್ಕಂದಿನಲ್ಲಿ ಮಂಗನಬಾವು ಆದಾಗಲೇ ಮಲ್ಲುವಿನ ಎಡಗಿವಿ ಹೋಗಿತ್ತು. ಇಷ್ಟು ವರ್ಷ ಒಂದೇ ಕಿವಿಯಲ್ಲಿ ಅಂಗಡಿಯನ್ನೂ ಸಾಹೇಬನನ್ನೂ ಸಂಭಾಳಿಸಿದ. ಹೋದ ವರ್ಷದಿಂದ ಬಲಗಿವಿಯೂ ಕೈಕೊಡತೊಡಗಿತು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಇದು ಇನ್ನೂ ಇಳಿಯುತ್ತದೆ, ಮಷಿನ್ ಹಾಕಿಕೊಂಡರೆ ಎದುರು ಕೂತವರ ಮಾತು ತಿಳಿಯುತ್ತದೆ, ಹಾಡಿನ ಆಸೆ ಇಟ್ಟುಕೊಳ್ಳಬೇಡಿ ಅಂದರಂತೆ. ಇದನ್ನು ಹೇಳಿದವಳು ಅವನ ಹೆಂಡತಿ ಗಿರಿಜಾ, ಅದೂ ಫೋನಿನಲ್ಲಿ, ಅಡುಗೆಮನೆಯೊಳಗೆ ನಿಂತು ಸಣ್ಣ ದನಿಯಲ್ಲಿ. ಅವನಿಗೆ ಕೇಳಿಸೀತೆಂದು ಹಾಗೆ ಮಾತಾಡುತ್ತಿದ್ದಳು ಪಾಪ. ಕೇಳಿಸುವುದಿಲ್ಲ ಎಂಬುದೇ ಸುದ್ದಿಯಾಗಿತ್ತು.

ಆಮೇಲೊಂದು ದಿನ ಮಲ್ಲುವೇ ಹಾವೇರಿಗೆ ಬಂದ. ಚೀಲದಿಂದ ಈ ಹೆಡ್‌ಫೋನು ತೆಗೆದ, ಸಾಹೇಬನ ಸಮಸ್ತವನ್ನೂ ತುಂಬಿದ ಒಂದು ಹಳೆಯ ಫೋನು ತೆಗೆದ, ಎರಡನ್ನೂ ನನ್ನ ಮುಂದಿಟ್ಟ.

“ಅಕ್ಕಾ, ಇದು ಇನ್ನ ನನಗ ಕೇಳಂಗಿಲ್ಲ. ಮಷಿನ್ ಹಾಕ್ಕೊಂಡು ಕೇಳಿದ್ರ ಡಬ್ಬಿಯೊಳಗ ಹಳ್ಳು-ಕಲ್ಲು ಹಾಕಿ ಅಳ್ಳಾಡಿಸಿದಂಗ ಆಗತೈತಿ. ನೀ ಕೇಳು.”

“ನಾ ಕೇಳಿ ಏನ್ ಮಾಡ್ಲೋ?”

“ನೀ ಕೇಳಿದಿ ಅಂದ್ರ ಇದರ ಬಗ್ಗೆ ನನ್ನ ಜೋಡಿ ಮಾತಾಡಾಕ ಒಬ್ಬರು ಆಗ್ತಾರ. ಇಲ್ಲಾಂದ್ರ ಇದು ನನ್ನ ತಲಿಯೊಳಗ ಒಂದ ಉಳೀತೈತಿ. ಅಲ್ಲೂ ಎಷ್ಟು ದಿನ ಉಳೀತೈತೋ ಏನೋ.”

“ಗಿರಿಜಾ ಅದಾಳಲ್ಲ?”

“ಅಕಿ ಒಮ್ಮೆ ಕೇಳಿ ಕೈ ಮುಗದಾಳ. ಮಿಕ್ಸರ್ ಹಚ್ಚಿ ಬಂದ್ ಮಾಡೂದು ಮರತಂಗ ಐತಿ ಅಂತಾಳ.”

ನಾನು ಹೆಡ್‌ಫೋನನ್ನು ನನ್ನ ಕಡೆ ಎಳೆದುಕೊಂಡೆ. ಆಯಿತು, ಎಲ್ಲಿಂದ ಸುರು ಮಾಡಲಿ ಹೇಳು ಅಂದೆ. ಬಹಳ ಸಾದಾ ಪ್ರಶ್ನೆ. ಮೆಣಸಿನಕಾಯಿ ಮೂಗಿಗೆ ಹಿಡಿದರೆ ಯಾವ ಊರಿನ ಹೊಲದ್ದು ಎಂದು ಹೇಳುವ ಮನುಷ್ಯ ನನ್ನ ತಮ್ಮ. ಅವನು ಚಹಾ ಪೂರ್ತಿ ಕುಡಿದ. ಕೊನೆಗೆ, “ಅದು ಕೇಳೋರ ಮ್ಯಾಲ ಐತಿ,” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎದ್ದ.

ಊರಿಗೆ ಹೋದ ಮೇಲೆ ಫೋನಿನಲ್ಲಿ ಅವನ ಸಂದೇಶಗಳು ಬರತೊಡಗಿದವು. ಮೊದಲನೆಯ ರೆಕಾರ್ಡಿನಿಂದಲೇ ಸುರು ಮಾಡು. ಮಾರನೆಯ ದಿನ: ಮೊದಲನೆಯದು ಬ್ಯಾಡ, ಅದು ಇನ್ನೂ ಹಸಿ ಐತಿ, ಅದನ್ನ ಕೇಳಿದರ ನೀ ಮುಂದ ಹೋಗಂಗಿಲ್ಲ. ಅದರ ಮಾರನೆಯ ದಿನ: ನಡುವಿನ ದೊಡ್ಡ ಹೆಸರಿನದು ಕೇಳಬ್ಯಾಡ, ಅದನ್ನ ಕೇಳಿದ ಮ್ಯಾಲ ಉಳಿದದ್ದು ಸಪ್ಪಗ ಅನಸತೈತಿ. ಸಂಜೆ ಹೊತ್ತಿಗೆ: ಒಮ್ಮೆಲೆ ಕಡೀದು ಕೇಳಿ ಹಿಂದ ಹಿಂದ ಬಾ. ಸಾಹೇಬನನ್ನು ನಾನು ಕೇಳುವುದು ಬೇಕೋ ಬೇಡವೋ ಎಂಬುದೇ ಗೊತ್ತಾಗದ ಹಾಗಾಯಿತು. ಈಗ ಯೋಚಿಸಿದರೆ ಅನಿಸುತ್ತದೆ, ಅವನಿಗೆ ಹೆದರಿಕೆಯಾಗಿತ್ತು. ತಪ್ಪು ಕಡೆಯಿಂದ ಹೊಕ್ಕು ನಾನು ಬೇಸತ್ತು ಬಿಟ್ಟರೆ ಅವನಿಗೆ ಇನ್ನೊಬ್ಬ ಅಕ್ಕ ಇರಲಿಲ್ಲ.

ನಮ್ಮ ಮನೆಯವರು ನಿವೃತ್ತ ಗಣಿತದ ಮಾಸ್ತರರು. ಗೊಂದಲ ಕಂಡರೆ ಅವರಿಗೆ ಹುರುಪು. “ಎಲ್ಲಾದ್ರೊಳಗ ಸಣ್ಣದು ಯಾವುದೈತಿ, ಅದರಿಂದ ಹಚ್ಚು. ಲೆಕ್ಕ ಹಂಗ ಬಿಡಸೂದು,” ಅಂದರು. ಫೋನು ತಿರುವಿ ತಾವೇ ಹುಡುಕಿ ಕೊಟ್ಟರು. ನಾನು ಕಣ್ಣು ಮುಚ್ಚಿ ಕೇಳಿದೆ. ಒಂದು ಬಾಗಿಲು ಕಿರ್ರೆಂದು ತೆರೆಯಿತು, ಯಾರೋ ನಾಲ್ಕು ಹೆಜ್ಜೆ ನಡೆದರು, ಬಾಗಿಲು ಮುಚ್ಚಿತು. ಮುಗಿಯಿತು. ಹೇಗಿತ್ತು ಎಂದು ಇವರು ಕೇಳಿದರು. ಬಾಗಿಲಿಗೆ ಎಣ್ಣೆ ಬಿಡಬೇಕು ಅಂದೆ.

ಆ ವಾರ ಸಂಬಂಧಿಕರ ಮನೆಯ ಸೀಮಂತಕ್ಕೆ ರಾಣೆಬೆನ್ನೂರಿಗೆ ಹೋಗಿದ್ದೆ. ಅಲ್ಲಿ ಈರಣ್ಣನ ಬೀಜದ ಅಂಗಡಿ ಇದೆ. ಈ ಈರಣ್ಣ ಮಲ್ಲುವಿನ ಕಾಲೇಜಿನ ಗೆಳೆಯ, ಸಾಹೇಬನ ಇನ್ನೊಬ್ಬ ಭಕ್ತ. ಒಂದೇ ದೇವರ ಇಬ್ಬರು ಪೂಜಾರಿಗಳು ಹೊಂದಿಕೊಂಡದ್ದು ಎಲ್ಲಿದೆ, ಇವರಿಬ್ಬರೂ ಅಂದಿನಿಂದ ಸಾಹೇಬನ ಮೇಲೆ ಜಗಳಾಡುತ್ತಲೇ ಇದ್ದಾರೆ. ನಾನು ಹೋಗಿ ಕೇಳಿದ್ದೇ ತಡ, ಕುರ್ಚಿ ಕೊಟ್ಟು, ಸೋಡಾ ತರಿಸಿ, ಮುಂದೆ ಬಾಗಿ ಕೂತ.

“ಅಕ್ಕಾರ, ಮಲ್ಲೂನ ಮಾತು ಕಟ್ಕೋಬ್ಯಾಡ್ರಿ. ನೀವು ಜನರ ಮುಂದ ಬಾರಿಸಿದ್ದು ಕೇಳ್ರಿ ಮೊದಲ. ಚಪ್ಪಾಳಿ ಎಲ್ಲಿ ಬೀಳತೈತಿ, ಅಲ್ಲಿ ಚಲೋ ಐತಿ ಅಂತ ತಿಳ್ಕೊಂಡ್ರಾತು.”

ಅಷ್ಟರಲ್ಲಿ ಒಬ್ಬ ರೈತ ಬಂದು ಟೊಮ್ಯಾಟೊ ಬೀಜ ಯಾವುದು ಒಳ್ಳೆಯದು ಎಂದು ಕೇಳಿದ. ಈರಣ್ಣ ಕೂಡಲೇ ಹೇಳಲಿಲ್ಲ. ಭೂಮಿ ಯಾವುದು, ಕಪ್ಪು ಎರಿಯೋ ಕೆಂಪು ಮಸಾರಿಯೋ, ನೀರು ಹೇಗಿದೆ, ಹಿಂದಿನ ಸಲ ಏನು ಹಾಕಿದ್ದೆ, ಎಲ್ಲ ಕೇಳಿ ಆಮೇಲೆ ಒಂದು ಪಾಕೀಟು ತೆಗೆದು ಕೊಟ್ಟ. ನಾನು ಸೋಡಾ ಹಿಡಿದು ಯೋಚಿಸಿದೆ, ನಾನು ಎಂಥ ಭೂಮಿ ಎಂದು ಯಾರೂ ಕೇಳಲೇ ಇಲ್ಲವಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಎರಡು ಭಜನೆ ಬೆಳೆದ ಭೂಮಿ.

ಚಪ್ಪಾಳೆಯ ರೆಕಾರ್ಡನ್ನೂ ಹಚ್ಚಿದೆ. ಆ ಊರಿನ ಜನ ಎಲ್ಲದಕ್ಕೂ ಚಪ್ಪಾಳೆ ತಟ್ಟುವವರಾಗಿದ್ದರು. ಸಾಹೇಬ ತಂತಿ ಬಿಗಿ ಮಾಡಿಕೊಂಡರೂ ತಟ್ಟಿದರು.

ಕೊನೆಗೆ, ಪರರ ಬುದ್ಧಿ ಸಾಕು, ನಾನೂ ದಲಾಲಿ ಅಂಗಡಿಯ ಮಗಳು ಎಂದುಕೊಂಡೆ. ಚೀಲದ ಬಾಯಿ ನೋಡಿ ಬೆಲೆ ಕಟ್ಟಬಾರದು ಎಂಬುದು ನಮ್ಮ ಕಡೆಯ ಮೊದಲ ಪಾಠ. ಮೇಲೆ ಯಾವಾಗಲೂ ಒಳ್ಳೆಯ ಕಾಯಿ ಇಟ್ಟಿರುತ್ತಾರೆ, ತಳಕ್ಕೆ ಪುಡಿ ಕೂತಿರುತ್ತದೆ. ಮೊಳಕೈವರೆಗೆ ಕೈ ಇಳಿಸಿ ನಡುವಿನಿಂದ ಒಂದು ಹಿಡಿ ತೆಗೆಯಬೇಕು. ಅದೇ ಖರೇ ಮಾಲು. ಹಾಗೆಯೇ ಮಾಡಿದೆ. ಫೋನಿನ ಪಟ್ಟಿಯನ್ನು ಬೆರಳಿನಿಂದ ಉರುಳಿಸಿ ಸರಿಯಾಗಿ ನಡುಮಧ್ಯದಲ್ಲಿ ನಿಲ್ಲಿಸಿ, ಬಂದದ್ದನ್ನು ಹಚ್ಚಿದೆ. ಒಂದು ವಾರ ಬಿಡದೆ ಅದನ್ನೇ ಕೇಳಿದೆ.

ಮತ್ತು, ಹೇಳಿದರೆ ನಂಬುವುದಿಲ್ಲ, ಅದು ನನಗೆ ಹಿಡಿಸಿತು. ಒಂದು ಸಣ್ಣ ಚೂರು ಸುರುವಾಗುತ್ತದೆ, ಮುರಿಯುತ್ತದೆ. ಮತ್ತೆ ಅದೇ ಚೂರು, ಮತ್ತೆ ಮುರಿಯುತ್ತದೆ. ನಡುವೆ ಒಬ್ಬ ಕೆಮ್ಮುತ್ತಾನೆ. ಇನ್ನೊಬ್ಬ ಏನೋ ಅನ್ನುತ್ತಾನೆ, ಎಲ್ಲರೂ ನಗುತ್ತಾರೆ. ಮತ್ತೆ ಅದೇ ಚೂರು. ಎಣಿಸಿ ನೋಡಿದೆ, ಏಳು ಮಾತ್ರೆ. ನನ್ನ ರೂಪಕ. ಮಾಸ್ತರರ ಮನೆಯ ಚಾಪೆಯ ಮೇಲೆ ಕೂತಷ್ಟು ಖುಷಿಯಾಯಿತು. ಸಾದಾ ಹಾಡು ಹಾಡುವುದಿಲ್ಲ ಎಂದು ಮಲ್ಲು ಹೇಳಿದ್ದು ಇದಕ್ಕೇ ಇರಬೇಕು, ಮನುಷ್ಯನ ಬಾಳೂ ಹೀಗೆ ಮುರಿದು ಮುರಿದು ಮುಂದುವರಿಯುತ್ತದೆ ಎಂದು ಹೇಳಲು ಕೆಮ್ಮನ್ನೂ ಬಿಡದೆ ಸೇರಿಸಿದ್ದಾನೆ ಎಂದೆಲ್ಲ ಅರ್ಥ ಹಚ್ಚಿಕೊಂಡು ಬ್ಯಾಡಗಿಗೆ ಫೋನು ಮಾಡಿದೆ. ಫೋನಿನ ಮಾತು ಮಲ್ಲುವಿಗೆ ತಿಳಿಯುವುದಿಲ್ಲವಾದ್ದರಿಂದ ಗಿರಿಜಾ ನನ್ನ ಒಂದೊಂದು ಮಾತನ್ನೂ ಅವನ ಮುಖದ ಮುಂದೆ ನಿಂತು ಹೇಳಿದಳು. ಕೆಮ್ಮಿನ ವಿಷಯವನ್ನೂ ಹೇಳಿದಳು. ಅತ್ತ ಕಡೆಯಿಂದ ಮಲ್ಲುವಿನ ನಗೆ ಕೇಳಿಸಿತು. ನಿಲ್ಲದ ನಗೆ.

“ಅಕ್ಕಾರ, ಅದು ಹಾಡಲ್ಲಂತ್ರಿ,” ಎಂದಳು ಗಿರಿಜಾ. “ಅವರು ಪ್ರಾಕ್ಟೀಸ್ ಮಾಡಾಕತ್ತಾರಂತ. ತಪ್ಪಿದಾಗ ಬಿಟ್ಟು ಮತ್ತ ಹಚ್ತಾರಂತ. ಪೆಟಿಗಿ ತಗೊಂಡವರಿಗೆ ಪುಕ್ಕಟೆ ಕೊಟ್ಟ ರೆಕಾರ್ಡಂತ ಅದು.”

ನಾಚಿಕೆಯಿಂದ ಫೋನು ಇಡಬೇಕೆಂದಿದ್ದೆ. ಅವಳ ದನಿ ತಗ್ಗಿತು.

“ಇಡಬ್ಯಾಡ್ರಿ ಅಕ್ಕಾರ. ಇವರು ನಕ್ಕು ಭಾಳ ದಿನಾ ಆಗಿತ್ತು. ಮೆಣಸಿನಕಾಯಿ ಮಾರ್ಕೆಟ್ ಯಾರ್ಡಿಗೆ ಹೋಗೂದು ಬಿಟ್ಟಾರ, ಅಲ್ಲಿ ಗದ್ದಲದಾಗ ಮಾತು ಕಿವಿಗೆ ಹತ್ತಂಗಿಲ್ಲ ಅಂತ. ಅಂಗಡ್ಯಾಗ ಗ್ವಾಡಿಗೆ ಮುಖಾ ಮಾಡಿ ಕುಂತಿರತಾರ. ಒಂದ ಸಲ ಬಂದು ಹೋಗ್ರಿ.”

ಮರುದಿನ ಬೆಳಗಿನ ರೈಲಿಗೆ ಹೊರಟೆ. ಹೆಡ್‌ಫೋನು ಕೊರಳಲ್ಲೇ ಇತ್ತು. ಎದುರು ಕೂತ ಅಜ್ಜಿಯೊಬ್ಬರು ಅದನ್ನೇ ನೋಡುತ್ತಿದ್ದರು, ಕೇಳಲಿಲ್ಲ. ಸ್ಟೇಷನ್ನಿನಲ್ಲಿ ಇಳಿಯುತ್ತಲೇ ಘಾಟು ಬಡಿಯಿತು, ಎರಡು ಸೀನು ಬಂದವು, ಹಸಿವಾಯಿತು.

ಊಟವಾದ ಮೇಲೆ ಮಲ್ಲುವಿನ ಎದುರು ಕೂತೆ. ಅವನಿಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದೆ, “ಚಲೋದು ಯಾವುದು, ಮೊದಲಿಂದ್ಯಾವುದು, ನನಗ ಏನೂ ಬ್ಯಾಡ. ನಿನ್ನ ತಲಿಯೊಳಗ ಈಗೂ ಪೂರಾ ಉಳಿದದ್ದು ಯಾವುದೈತಿ, ಅದನ್ನ ಹಚ್ಚಿ ಕೊಡು.”

ಅವನು ಹಿಂದೆ ಮುಂದೆ ನೋಡದೆ ಒಂದನ್ನು ತೆಗೆದ. ಊದುಬತ್ತಿ ಉರಿದು ಮುಗಿಯುವಷ್ಟು ಉದ್ದದ್ದು, ಒಂದೇ ತುಂಡು. “ಇದು ಎಲ್ಲಾದಕ್ಕಿಂತ ಚಲೋ ಐತಿ ಅಂತೇನಲ್ಲಕ್ಕ,” ಎಂದು ಹೇಳಿ ಕಿವಿಯ ಮಷಿನ್ ತೆಗೆದು ಅಂಗಿಯ ಕಿಸೆಗೆ ಹಾಕಿದ. ಅಂದರೆ ಇನ್ನು ಮಾತಿಲ್ಲ. ನಾನು ಹೆಡ್‌ಫೋನು ಏರಿಸಿ ಗುಂಡಿ ಒತ್ತಿದೆ. ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದವನು ಅದೇ ಕ್ಷಣಕ್ಕೆ ಮೇಜಿನ ಮೇಲೆ ಬೆರಳು ಆಡಿಸತೊಡಗಿದ. ಕಣ್ಣು ಮುಚ್ಚಿದ.

ನನ್ನ ಪಾಡು ಎಂದಿನದೇ. ಎಣಿಕೆ ಏಳರಿಂದ ಐದಕ್ಕೆ ಹೋಯಿತು, ಐದರಿಂದ ಎಲ್ಲಿಗೋ ಹೋಯಿತು. ಕೊಳಲೋ ಕೀಬೋರ್ಡೋ ತಿಳಿಯಲಿಲ್ಲ. ಸಾಹೇಬ ಹಾಡಿದ, ನಿಲ್ಲಿಸಿದ, ಇನ್ನಾರೋ ಹಾಡಿದರು. ದಾರಿ ತಪ್ಪಿದಾಗಲೆಲ್ಲ ಮಲ್ಲುವಿನ ಬೆರಳು ನೋಡುತ್ತಿದ್ದೆ. ಬೆರಳಿನಲ್ಲಿ ಎಲ್ಲವೂ ಇತ್ತು. ಕಿವಿಯಲ್ಲಿ ಮದ್ದಲೆ ಜೋರಾದಾಗ ಅವನ ಅಂಗೈ ಬೀಳುತ್ತಿತ್ತು, ತಂತಿ ಒಂದೇ ಉಳಿದಾಗ ಕಿರುಬೆರಳು ಒಂದೇ ಆಡುತ್ತಿತ್ತು. ಒಂದು ಹನಿ ಸದ್ದು ಕೇಳದೆ ಇವನು ನನ್ನ ಜೊತೆಗೇ ನಡೆಯುತ್ತಿದ್ದಾನಲ್ಲ ಎಂದು ಬೆರಗಾಯಿತು. ಅಳುವೂ ಬಂತು.

ಸುಮಾರು ಹೊತ್ತಾದ ಮೇಲೆ ಗಮನಿಸಿದೆ. ಅವನ ಬೆರಳು ಹಿಂದೆ ಬೀಳುತ್ತಿತ್ತು. ಕಿವಿಯಲ್ಲಿ ಆಗಿಹೋದದ್ದು ಮೇಜಿನ ಮೇಲೆ ಸ್ವಲ್ಪ ತಡವಾಗಿ ಬರುತ್ತಿತ್ತು. ಮೊದಲು ಒಂದು ಮಾತ್ರೆ, ಆಮೇಲೆ ಎರಡು, ಆಮೇಲೆ ಇನ್ನೂ ಹೆಚ್ಚು. ಅವನ ಮುಖದಲ್ಲಿ ಅದರ ಸುಳಿವಿಲ್ಲ. ಗೋಡೆಗೆ ಮುಖ ಮಾಡಿ ಕೂರುವ ಮನುಷ್ಯನ ಮುಖ ಅಲ್ಲ ಅದು, ನಮ್ಮ ಹಳೆಯ ಮಲ್ಲುವಿನದು. ಹೇಳುವುದೋ ಬಿಡುವುದೋ ತಿಳಿಯದೆ ನಾನು ಅವನ ಕೈ ನೋಡುತ್ತ ಕೂತೆ.

ಅಷ್ಟರಲ್ಲಿ ಸಂಗೀತ ಏರಿ ಏರಿ ಒಮ್ಮೆಲೇ ಸ್ತಬ್ಧವಾಯಿತು. ಮುಗಿಯಲಿಲ್ಲ, ಉಸಿರು ಕಟ್ಟಿ ನಿಂತಿತು. ಮಲ್ಲುವಿನ ಬೆರಳು ಮಾತ್ರ ಇನ್ನೂ ಏರುತ್ತಲೇ ಇತ್ತು. ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ನಾನು ಗುಂಡಿ ಒತ್ತಿ ಸಾಹೇಬನನ್ನು ಅಲ್ಲಿಯೇ ನಿಲ್ಲಿಸಿದ್ದೆ. ಮಲ್ಲುವಿನ ಬೆರಳುಗಳು ಓಡಿ ಬಂದು ಅದೇ ಜಾಗಕ್ಕೆ ಮುಟ್ಟಿದವು, ನಿಂತವು. ಅವನ ಕೈ ಮೇಲೆದ್ದಿತು. ಅದು ಮೇಜಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ನಾನು ಮತ್ತೆ ಗುಂಡಿ ಒತ್ತಿದೆ. ಅಷ್ಟೂ ವಾದ್ಯಗಳು ಅವನ ಅಂಗೈ ಜೊತೆಗೇ ನನ್ನ ಕಿವಿಗೆ ಬಿದ್ದವು.

ಅವನು ಕಣ್ಣು ತೆರೆದ. “ಬಂತೇನಕ್ಕ?”

“ಬಂತು,” ಅಂದೆ, ತುಟಿ ಕಾಣುವಂತೆ. “ಇಬ್ಬರಿಗೂ ಕೂಡೇ ಬಂತು.”